ಹಿತ್ತಲ ಗಿಡ, ಹೊರಗಿನ ವೈದ್ಯ

ನಮ್ಮ ಸಂಘದ ಕಳೆದ ವಾರ್ಷಿಕ ಸಭೆಗೆ ಬಂದಿದ್ದ ಸದಸ್ಯರಿಗೆ ನೆನಪಿರಬಹುದು. ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳ ಸಂಖ್ಯೆ ನಲವತ್ತರ ಆಸುಪಾಸಿನಿಂದ ಹದಿನೇಳಕ್ಕೆ ಇಳಿದ ವಿಷಯ ಚರ್ಚೆಗೆ ಬಂದಾಗ ಹಿರಿಯರೊಬ್ಬರು ಎದ್ದು ನಿಂತು, "ಇದು ನಮ್ಮಂಥವರ ಕೈಯಲ್ಲಿ ಆಗುವ ಕೆಲಸವಲ್ಲ. ಶಿಕ್ಷಣ ಸಲಹೆಗಾರರೆಂದೇ ಈಗ ಕಂಪನಿಗಳಿವೆ. ಒಬ್ಬರನ್ನು ಕರೆಸಿ ವರದಿ ತರಿಸೋಣ, ಖರ್ಚಾದರೆ ಆಗಲಿ" ಎಂದರು. ಅರ್ಧ ಸಭೆ ಚಪ್ಪಾಳೆ ತಟ್ಟಿತು. ಉಳಿದರ್ಧ ಉಪ್ಪಿಟ್ಟಿನ ಪಾತ್ರೆಯ ಕಡೆ ನೋಡುತ್ತಿತ್ತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ಸಭೆಯಾದ ಕೆಲವು ದಿನಗಳಿಗೆ, ನ್ಯೂಜೆರ್ಸಿಯಲ್ಲಿ ನೌಕರಿಯಲ್ಲಿರುವ ನೆರೆಮನೆಯ ಹುಡುಗ ರಜೆಗೆ ಬಂದವನು ಒಂದು ಪುಸ್ತಕ ಕೊಟ್ಟುಹೋದ. ಡೇಲ್ ರಸಕಾಫ್ ಎಂಬ ಲೇಖಕಿ 2015ರಲ್ಲಿ ಪ್ರಕಟಿಸಿದ 'ದಿ ಪ್ರೈಜ್' ಎಂಬ ಗ್ರಂಥವದು. ಇವರು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಬಹುಕಾಲ ವರದಿಗಾರರಾಗಿದ್ದವರು. ಡೊಂಬಿವಿಲಿಯಿಂದ ಕಚೇರಿಗೆ ಹೋಗಿಬರುವ ಲೋಕಲ್ ಗಾಡಿಯಲ್ಲಿ, ಕೂರಲು ಜಾಗ ಸಿಕ್ಕ ದಿನ ಕೂತು, ಸಿಗದ ದಿನ ನಿಂತು, ಸುಮಾರು ಮೂರು ವಾರದಲ್ಲಿ ಓದಿ ಮುಗಿಸಿದೆ. ಅಂದು ತಟ್ಟಿದ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯುವ ವಿಧಾನ ಯಾವುದಾದರೂ ಇದ್ದಿದ್ದರೆ ಎನಿಸಿತು. ಆ ಕಾರಣಕ್ಕಾಗಿ ಈ ಲೇಖನ.

ಅಮೆರಿಕಕ್ಕೆ ಹೋಗಿಬಂದ ನಮ್ಮವರಿಗೆ ನ್ಯೂವಾರ್ಕ್ ಎಂದರೆ ಒಂದು ವಿಮಾನ ನಿಲ್ದಾಣ. ಆದರೆ ಅದು ನ್ಯೂಜೆರ್ಸಿ ರಾಜ್ಯದ ಅತಿ ದೊಡ್ಡ ನಗರವೂ ಹೌದು. ಕಾರ್ಖಾನೆಗಳು ಮುಚ್ಚಿ, ಉಳ್ಳವರು ಉಪನಗರಗಳಿಗೆ ಹೊರಟುಹೋದ ಮೇಲೆ ಬಡತನ ಅಲ್ಲಿ ಬೀಡುಬಿಟ್ಟಿತು. ಜನರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು ಮತ್ತು ಲ್ಯಾಟಿನ್ ಅಮೆರಿಕದ ಮೂಲದವರು. ಆ ದೇಶದಲ್ಲಿ ಶಾಲೆಗಳು ನಮ್ಮಲ್ಲಿಯಂತೆ ರಾಜ್ಯದ ಇಲಾಖೆಯ ಕೈಕೆಳಗೆ ನೇರವಾಗಿ ಇಲ್ಲ. ಊರಿಗೊಂದು ಶಾಲಾ ಜಿಲ್ಲೆ, ಅದಕ್ಕೆ ಸಾಮಾನ್ಯವಾಗಿ ಊರವರೇ ಚುನಾಯಿಸಿದ ಮಂಡಳಿ, ಮಂಡಳಿ ನೇಮಿಸಿದ ಒಬ್ಬ ಸೂಪರಿಂಟೆಂಡೆಂಟ್. ಇಂಥ ಜಿಲ್ಲೆಗಳು ದೇಶದಲ್ಲಿ ಸುಮಾರು 13,000 ಇವೆ. ನ್ಯೂವಾರ್ಕಿನಲ್ಲಿ ಮಾತ್ರ ಆಡಳಿತ ಹದಗೆಟ್ಟಿತೆಂದು 1995ರಲ್ಲಿ ರಾಜ್ಯ ಸರಕಾರ ಶಾಲೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತ್ತು. ಊರಿನ ಮಂಡಳಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ಉಳಿದಿತ್ತು.

ಹೀಗಿರುವಾಗ 2010ರ ಸೆಪ್ಟೆಂಬರಿನಲ್ಲಿ, ಓಪ್ರಾ ವಿನ್‌ಫ್ರೀ ಅವರ ದೂರದರ್ಶನ ಕಾರ್ಯಕ್ರಮದಲ್ಲಿ, ಫೇಸ್‌ಬುಕ್ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ನ್ಯೂವಾರ್ಕಿನ ಶಾಲೆಗಳಿಗೆ 10 ಕೋಟಿ ಡಾಲರ್ ದಾನ ಘೋಷಿಸಿದರು. ಅವರ ಅಕ್ಕಪಕ್ಕದಲ್ಲಿ ನಗರದ ಮೇಯರ್ ಕೋರಿ ಬುಕರ್ ಮತ್ತು ರಾಜ್ಯದ ಗವರ್ನರ್ ಕ್ರಿಸ್ ಕ್ರಿಸ್ಟಿ. ಬೇರೆ ದಾನಿಗಳಿಂದ ಇನ್ನೂ 10 ಕೋಟಿ ಕೂಡಿಸುವುದೆಂದು ನಿಶ್ಚಯವಾಯಿತು. ತಮ್ಮ ಮಕ್ಕಳ ಶಾಲೆಗಳ ಹಣೆಬರಹ ಬದಲಾಗಲಿದೆಯೆಂಬ ಸುದ್ದಿ ಊರಿನ ತಾಯಿತಂದೆಯರಿಗೆ ತಲುಪಿದ್ದು ದೂರದರ್ಶನದಿಂದ. ಮದುವೆಯ ಮಾತುಕತೆಯೆಲ್ಲ ಮುಗಿದು, ಹುಡುಗಿಯ ಮನೆಯವರಿಗೆ ಅಚ್ಚಾದ ಲಗ್ನಪತ್ರಿಕೆ ಟಪಾಲಿನಲ್ಲಿ ಬಂದ ಹಾಗೆ.

ರಸಕಾಫ್ ಅವರ ಗ್ರಂಥದ ಹಿರಿಮೆ ಇರುವುದು ಆ ಮುಂದಿನ ವರ್ಷಗಳನ್ನು ಅವರು ಬಿಡದೆ ಹಿಂಬಾಲಿಸಿದುದರಲ್ಲಿ. ಮೇಯರರ ಕಾರಿನಲ್ಲಿಯೂ ಕೂತಿದ್ದಾರೆ, ಒಂದನೆಯ ತರಗತಿಯ ಹಿಂದಿನ ಬೆಂಚಿನಲ್ಲಿಯೂ ಕೂತಿದ್ದಾರೆ. ಮಗುವೊಂದು ಅಕ್ಷರ ಕೂಡಿಸಿ ಓದಲು ಒದ್ದಾಡುವುದನ್ನು ವಿವರಿಸಿದ ಮಾರನೆಯ ಅಧ್ಯಾಯದಲ್ಲಿಯೇ ಕೋಟಿಗಳ ಸಭೆಯೊಂದನ್ನು ತಂದಿಡುತ್ತಾರೆ. ಸ್ವತಃ ಕೂಗಾಡುವುದಿಲ್ಲ. ಎರಡನ್ನೂ ಓದಿದವನಿಗೆ ಕೂಗಾಡಬೇಕೆನಿಸುತ್ತದೆ.

ಲೆಕ್ಕದ ವಿಭಾಗದಲ್ಲಿ ಇಪ್ಪತ್ತು ವರ್ಷ ಸವೆಸಿದ ನನ್ನಂಥವನ ಕಣ್ಣು ಮೊದಲು ಹೋದದ್ದು ಅಂಕಿಗಳ ಕಡೆಗೆ. ಕೂಡಿದ 20 ಕೋಟಿ ಡಾಲರಿನಲ್ಲಿ ಸುಮಾರು 9 ಕೋಟಿ ಶಿಕ್ಷಕರ ಹಾಗೂ ಮುಖ್ಯೋಪಾಧ್ಯಾಯರ ಹೊಸ ಕರಾರುಗಳಿಗೆ ಸಂಬಂಧಿಸಿದ ಬಾಬತ್ತಿಗೆ ಹೋಯಿತು. 5 ಕೋಟಿ 70 ಲಕ್ಷಕ್ಕೂ ಮಿಕ್ಕು ಹಣ ಚಾರ್ಟರ್ ಶಾಲೆಗಳಿಗೆ, ಅಂದರೆ ಸರಕಾರಿ ಹಣದಲ್ಲಿ ಖಾಸಗಿ ಸಂಸ್ಥೆಗಳು ನಡೆಸುವ ಶಾಲೆಗಳಿಗೆ. ಹೊರಗಿನಿಂದ ಬಂದ ಸಲಹೆಗಾರರಿಗೆ 2 ಕೋಟಿಗೂ ಹೆಚ್ಚು. ಇವರಲ್ಲಿ ಅನೇಕರ ದಿನಗೂಲಿ, ಆ ಮಾತನ್ನು ಬಳಸಬಹುದಾದರೆ, 1,000 ಡಾಲರ್. ಸಿಬ್ಬಂದಿ ವ್ಯವಸ್ಥೆ, ಅಂಕಿಅಂಶಗಳ ವಿಶ್ಲೇಷಣೆ, ಶಿಕ್ಷಕರ ಮೌಲ್ಯಮಾಪನ, ಪ್ರಚಾರ, ಹೀಗೆ ಒಂದೊಂದಕ್ಕೂ ಒಬ್ಬೊಬ್ಬರು. ಜನಾಭಿಪ್ರಾಯ ಸಂಗ್ರಹಿಸುವುದಕ್ಕೂ ಹೊರಗಿನ ಒಂದು ಸಂಸ್ಥೆಗೆ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಸಂದಾಯವಾಯಿತು. ಊರವರನ್ನು "ನಿಮಗೇನು ಬೇಕು?" ಎಂದು ಕೇಳಲು ಪರಊರಿನಿಂದ ಜನ ಬಂದರು. ಊರವರು ಹೇಳಿದರು. ಆದರೆ ಮುಖ್ಯ ನಿರ್ಧಾರಗಳು ಆ ಸಭೆಗಳಿಂದ ಹುಟ್ಟಿ ಬಂದವಲ್ಲ.

ಈ ಅನುಮಾನ ಬೇಗನೆ ಬೀದಿಗೆ ಬಂತು. ಗ್ಲೋಬಲ್ ಎಜುಕೇಶನ್ ಅಡ್ವೈಸರ್ಸ್ ಎಂಬ ಸಲಹಾ ಸಂಸ್ಥೆಯೊಂದು ಕೆಲವು ಶಾಲೆಗಳನ್ನು ಮುಚ್ಚುವ, ಕೆಲವನ್ನು ಕೂಡಿಸುವ, ಕಟ್ಟಡಗಳಲ್ಲಿ ಚಾರ್ಟರ್ ಶಾಲೆಗಳಿಗೆ ಜಾಗ ಕೊಡುವ ಕರಡು ಯೋಜನೆ ಮಾಡಿತ್ತು. 2011ರ ಫೆಬ್ರವರಿಯಲ್ಲಿ ಅದು 'ಸ್ಟಾರ್ ಲೆಜರ್' ಪತ್ರಿಕೆಯ ಮೂಲಕ ಬಯಲಾಯಿತು. ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಕ್ರಿಸ್ಟೊಫರ್ ಸರ್ಫ್ ಅಷ್ಟರಲ್ಲಿ ಆ ನಂಟು ಬಿಟ್ಟು ರಾಜ್ಯದ ಶಿಕ್ಷಣ ಕಮಿಷನರ್ ಆಗಿದ್ದರು. 2015ರಲ್ಲಿ ಅವರೇ ನ್ಯೂವಾರ್ಕಿನ ಸೂಪರಿಂಟೆಂಡೆಂಟರೂ ಆದರು. ಇದರಲ್ಲಿ ಕಾನೂನಿನ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಸಲಹೆ ಕೊಡುವ ಕುರ್ಚಿಗೂ ಸಲಹೆ ಕೇಳುವ ಕುರ್ಚಿಗೂ ನಡುವೆ ಗೋಡೆಯಿದೆಯೆಂದು ಊರವರು ನಂಬಬೇಕಾದರೆ, ಗೋಡೆ ಅವರ ಕಣ್ಣಿಗೆ ಕಾಣಬೇಕು. ಅಲ್ಲಿ ಕಾಣಲಿಲ್ಲ.

2011ರ ಮೇ ತಿಂಗಳಲ್ಲಿ ಸೂಪರಿಂಟೆಂಡೆಂಟರಾಗಿ ನೇಮಕವಾದ ಕ್ಯಾಮಿ ಆಂಡರ್ಸನ್ ನ್ಯೂಯಾರ್ಕ್ ನಗರದ ಶಾಲಾ ಆಡಳಿತದಿಂದ ಬಂದವರು. ಅವರು ಸೋಮಾರಿಯಾಗಿದ್ದರೆಂದು ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. ಒಳ್ಳೆಯ ಮುಖ್ಯೋಪಾಧ್ಯಾಯರನ್ನು ಹುಡುಕಿ ತಂದರು, ಎಲ್ಲರಿಗಿಂತ ಹಿಂದುಳಿದ ಮಕ್ಕಳ ಬಗ್ಗೆ ಅವರಿಗಿದ್ದ ಕಾಳಜಿ ನಿಜವಾದದ್ದು. ಆದರೆ 2013ರ ಕೊನೆಯಲ್ಲಿ ಅವರು ಹೊರಡಿಸಿದ 'ಒನ್ ನ್ಯೂವಾರ್ಕ್' ಯೋಜನೆ ಊರನ್ನೇ ಎದುರು ಹಾಕಿಕೊಂಡಿತು. ಮಗು ಓಣಿಯ ಶಾಲೆಗೆ ಹೋಗುವ ಪದ್ಧತಿ ಹೋಗಿ, ಯಾವ ಮಗು ಯಾವ ಶಾಲೆಗೆ ಎಂಬುದನ್ನು ಗಣಕಯಂತ್ರದ ಸೂತ್ರ ಹಂಚತೊಡಗಿತು. ಅಣ್ಣನಿಗೊಂದು ಶಾಲೆ, ತಂಗಿಗೆ ಇನ್ನೊಂದು. ಬೆಳಗಿನ ಹೊತ್ತು ಇಬ್ಬರನ್ನೂ ಮುಟ್ಟಿಸಿ ಕೆಲಸಕ್ಕೆ ಹೋಗಬೇಕಾದ ತಾಯಿಯ ಬಸ್ಸಿನ ವೇಳಾಪಟ್ಟಿ ಆ ಸೂತ್ರದಲ್ಲಿ ಇರಲಿಲ್ಲ. ಕೂಗಾಟ ವಿಪರೀತವಾದಾಗ ಆಂಡರ್ಸನ್ ಊರಿನ ಸಲಹಾ ಮಂಡಳಿಯ ಸಭೆಗಳಿಗೆ ಬರುವುದನ್ನೇ ನಿಲ್ಲಿಸಿದರು. 2014ರ ಮೇಯರ್ ಚುನಾವಣೆಯಲ್ಲಿ, ಈ ಯೋಜನೆಯನ್ನು ವಿರೋಧಿಸಿ ನಿಂತ ರಾಸ್ ಬರಾಕಾ ಗೆದ್ದರು. ಅವರು ಅದೇ ಊರಿನ ಹೈಸ್ಕೂಲೊಂದರ ಪ್ರಿನ್ಸಿಪಾಲರಾಗಿದ್ದವರು. ಮರುವರ್ಷ ಆಂಡರ್ಸನ್ ಹುದ್ದೆ ಬಿಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ನಮ್ಮ ಗಾದೆಗೆ ಇದಕ್ಕಿಂತ ದುಬಾರಿಯಾದ ಉದಾಹರಣೆ ಸಿಗುವುದು ಕಷ್ಟ.

ಇನ್ನು ಪುಸ್ತಕದ ಬಗ್ಗೆ ನನಗಿರುವ ತಕರಾರು. ರಸಕಾಫ್ ಸಲಹೆಗಾರರ ಬೆಲೆಯನ್ನು ಚೆನ್ನಾಗಿ ಹೇಳಿದ್ದಾರೆ, ಅವರು ಕೊಟ್ಟ ಸರಕನ್ನು ಅಷ್ಟು ಚೆನ್ನಾಗಿ ಬಿಚ್ಚಿ ತೋರಿಸಿಲ್ಲ. ದಿನಕ್ಕೆ 1,000 ಡಾಲರ್ ಎಂಬ ಅಂಕಿ ಓದುಗನ ರಕ್ತ ಕುದಿಸುತ್ತದೆ. ಆದರೆ ಆ ಹಣಕ್ಕೆ ಬರೆದುಕೊಟ್ಟ ವರದಿಗಳಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬೀರು ಸೇರಿತು, ಯಾವ ಕೆಲಸವನ್ನು ಒಳಗಿನ ಗುಮಾಸ್ತರೇ ಮಾಡಬಹುದಾಗಿತ್ತು ಎಂಬ ಪರಿಶೀಲನೆ ನನಗೆ ಸಾಲದೆನಿಸಿತು. ನಮ್ಮ ಆಡಿಟ್ ಭಾಷೆಯಲ್ಲಿ ಹೇಳುವುದಾದರೆ, ವೋಚರ್ ಇದೆ, ದಾಸ್ತಾನು ಪುಸ್ತಕ ಇಲ್ಲ.

ಇನ್ನೊಂದು ಮಾತು. ಒಳಗಿನವರು ಮಾಡಬಹುದಾಗಿತ್ತು ಎನ್ನುವಾಗ ಒಳಗಿನವರ ಸ್ಥಿತಿಯನ್ನೂ ನೋಡಬೇಕು. ನ್ಯೂವಾರ್ಕಿನ ಶಾಲಾ ಕಚೇರಿ ಬಹುಕಾಲದಿಂದ ರಾಜಕಾರಣಿಗಳು ತಮ್ಮವರಿಗೆ ನೌಕರಿ ಹಂಚುವ ಛತ್ರವಾಗಿತ್ತೆಂದು ಲೇಖಕಿಯೇ ಬರೆಯುತ್ತಾರೆ. ಮಗುವೊಂದಕ್ಕೆ ವರ್ಷಕ್ಕೆ ಸುಮಾರು 20,000 ಡಾಲರ್ ಜಿಲ್ಲೆಗೆ ಬರುತ್ತಿದ್ದರೆ, ಅವರು ಗಮನಿಸಿದ ಒಂದು ಶಾಲೆಯ ಬಾಗಿಲು ತಲುಪುತ್ತಿದ್ದುದು ಅದರ ಅರ್ಧಕ್ಕೂ ಕಡಿಮೆ. ಈ ಒಂದು ಅಂಕಿ ಇಡೀ ಗ್ರಂಥದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿತು. ಜಿಲ್ಲೆಯ ವಾರ್ಷಿಕ ಖರ್ಚು ಹತ್ತಿರ ಹತ್ತಿರ 100 ಕೋಟಿ ಡಾಲರ್. ಐದು ವರ್ಷಕ್ಕೆ ಹಂಚಿದ 20 ಕೋಟಿ ದಾನದ ಗದ್ದಲದಲ್ಲಿ, ವರ್ಷವರ್ಷವೂ ಸೋರುತ್ತಿದ್ದ ಈ ದೊಡ್ಡ ಹಂಡೆಯ ತೂತು ಹಿಂದೆ ಬಿತ್ತು. ಸಲಹೆಗಾರರು ನುಂಗಿದ್ದೆಷ್ಟು ಎಂದು ಕೇಳುವವರು, ಕಚೇರಿ ನುಂಗಿದ್ದೆಷ್ಟು ಎಂದೂ ಕೇಳಬೇಕು. ನಾನೂ ಕಚೇರಿಯ ಪ್ರಾಣಿಯೇ ಆದುದರಿಂದ ಇದನ್ನು ಬರೆಯುವಾಗ ಕೈ ಸ್ವಲ್ಪ ತಡವರಿಸಿತು.

ಪುಸ್ತಕ ಬಂದ ಮೇಲಿನ ಸಂಗತಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. 2017ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ನ್ಯೂವಾರ್ಕಿನ ಮಕ್ಕಳ ಪ್ರಗತಿಯನ್ನು ಅಳೆದರು. ಮೊದಲ ವರ್ಷಗಳಲ್ಲಿ ಹಿನ್ನಡೆ, ಆಮೇಲೆ ಇಂಗ್ಲಿಷಿನಲ್ಲಿ ಗಣನೀಯ ಸುಧಾರಣೆ, ಗಣಿತದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಎಂದು ಕಂಡುಬಂತು. ಅಧ್ಯಯನಕ್ಕೆ ಜುಕರ್‌ಬರ್ಗ್ ದಂಪತಿಗಳ ಸಂಸ್ಥೆಯ ಧನಸಹಾಯವಿತ್ತು. ಹಾಗೆಂದು ಅದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಬಿ.ಎಸ್ಸಿ. ಓದುವಾಗ ನಮಗೆ ಪ್ರಯೋಗಶಾಲೆಯಲ್ಲಿ ಲವಣ ವಿಶ್ಲೇಷಣೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದ ಮಾತು ನೆನಪಾಯಿತು. ಒಂದು ಕೊಳವೆಗೆ ಒಂದು ಸಲ ಒಂದೇ ದ್ರಾವಣ ಹಾಕಬೇಕು, ನಾಲ್ಕನ್ನು ಒಟ್ಟಿಗೆ ಸುರಿದರೆ ಬಣ್ಣವೇನೋ ಬರುತ್ತದೆ, ಯಾವುದರಿಂದ ಬಂತೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಶಾಲೆ ಮುಚ್ಚಿದ್ದು, ಚಾರ್ಟರ್ ಬೆಳೆಸಿದ್ದು, ಹೊಸ ಕರಾರು, ಹೊಸ ಮುಖ್ಯೋಪಾಧ್ಯಾಯರು, ಸಲಹೆಗಾರರು, ಎಲ್ಲವೂ ಏಕಕಾಲಕ್ಕೆ ಬಿದ್ದ ಕೊಳವೆ ಅದು. ಬಂದ ಸುಧಾರಣೆಗೆ ಸಲಹೆಗಾರರು ಹಕ್ಕು ಸಾಧಿಸುವಂತಿಲ್ಲ, ಆದ ಹಾನಿಯನ್ನೆಲ್ಲ ಅವರ ತಲೆಗೆ ಕಟ್ಟುವಂತೆಯೂ ಇಲ್ಲ. 2018ರ ಫೆಬ್ರವರಿಯಲ್ಲಿ, 22 ವರ್ಷಗಳಿಗೂ ಮೀರಿದ ಅವಧಿಯ ನಂತರ, ಶಾಲೆಗಳ ಅಧಿಕಾರ ಊರಿನ ಮಂಡಳಿಗೆ ಮರಳಿತು.

ನ್ಯೂವಾರ್ಕಿನದು ಅತಿಯುತ್ಸಾಹದ ಕಥೆಯಾದರೆ, ಶಿಕಾಗೋ ನಗರದ್ದು ಅಪರಾಧದ ಕಥೆ. ಅದು ಈ ಗ್ರಂಥದ ವ್ಯಾಪ್ತಿಗೆ ಸೇರಿದ್ದಲ್ಲವಾದರೂ ಪಕ್ಕದಲ್ಲಿಟ್ಟು ನೋಡುವಂಥದು. ಅಲ್ಲಿಯ ಶಾಲೆಗಳ ಮುಖ್ಯಾಧಿಕಾರಿ ಬಾರ್ಬರಾ ಬರ್ಡ್-ಬೆನೆಟ್ ಹಿಂದೆ ಸೂಪ್ಸ್ ಅಕಾಡೆಮಿ ಎಂಬ ತರಬೇತಿ ಸಂಸ್ಥೆಗೆ ಸಲಹೆಗಾರರಾಗಿದ್ದವರು. 2013ರ ಮೇ ತಿಂಗಳಲ್ಲಿ ಹಣವಿಲ್ಲ, ಮಕ್ಕಳಿಲ್ಲ ಎಂದು 50 ಶಾಲೆಗಳನ್ನು ಮುಚ್ಚಲು ಮಂಡಳಿ ಮಂಜೂರಾತಿ ಕೊಟ್ಟಿತು. ಮರುತಿಂಗಳೇ ಮುಖ್ಯೋಪಾಧ್ಯಾಯರ ತರಬೇತಿಗೆಂದು ಅದೇ ಸೂಪ್ಸ್ ಸಂಸ್ಥೆಗೆ 2 ಕೋಟಿ 5 ಲಕ್ಷ ಡಾಲರಿನ ಗುತ್ತಿಗೆ, ಟೆಂಡರ್ ಇಲ್ಲದೆ! ಇದನ್ನು ಮೊದಲು ಎತ್ತಿ ಆಡಿದ್ದು 'ಕೆಟಲಿಸ್ಟ್' ಎಂಬ ಸಣ್ಣ ಶಿಕ್ಷಣ ಪತ್ರಿಕೆ. ದೊಡ್ಡ ಪತ್ರಿಕೆಗಳಲ್ಲ ಎಂಬುದು ನಮ್ಮಂಥ ಮಾಸಪತ್ರಿಕೆಯವರು ನೆನಪಿಡಬೇಕಾದ ಮಾತು. ಕೊನೆಗೆ, ನೌಕರಿ ಬಿಟ್ಟ ಮೇಲೆ ಲಾಭದಲ್ಲಿ ಪಾಲು ಪಡೆಯುವ ಒಳ ಒಪ್ಪಂದ ಹೊರಬಿದ್ದು, 2015ರಲ್ಲಿ ಆಕೆ ತಪ್ಪೊಪ್ಪಿಕೊಂಡರು. 2017ರಲ್ಲಿ ನಾಲ್ಕೂವರೆ ವರ್ಷಗಳ ಸಜೆಯಾಯಿತು. ಸಂಸ್ಥೆಯ ಒಡೆಯರಿಗೂ ಶಿಕ್ಷೆಯಾಯಿತು.

ನಮ್ಮ ದೇಶಕ್ಕೂ ಈ ಗಾಳಿ ಬೀಸದೆ ಇಲ್ಲ. ನೀತಿ ಆಯೋಗ 2017ರಲ್ಲಿ ಝಾರ್ಖಂಡ, ಮಧ್ಯಪ್ರದೇಶ, ಒಡಿಶಾ ರಾಜ್ಯಗಳ ಶಾಲಾ ಸುಧಾರಣೆಗೆ ಕೈಹಾಕಿದಾಗ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಜೊತೆಗಿತ್ತು. ಅಲ್ಲಿಯೂ ಸಣ್ಣ ಶಾಲೆಗಳನ್ನು ಕೂಡಿಸುವ ಕಾರ್ಯ ನಡೆಯಿತು. ಇರಲಿ, ಅದರ ಗುಣದೋಷ ಬೇರೆಯೇ ಲೇಖನದ ವಿಷಯ.

ಸಲಹೆಗಾರರೆಂದರೆ ಮೂಗು ಮುರಿಯುವವರ ಗುಂಪಿಗೆ ನನ್ನನ್ನು ಸೇರಿಸಬಾರದೆಂದು ಒಂದು ಅನುಭವ ಹೇಳುತ್ತೇನೆ. ನಾನು ಹಿಂದೆ ಇದ್ದ ಒಂದು ಕಚೇರಿಗೆ ಇಬ್ಬರು ತರುಣ ಸಲಹೆಗಾರರು ಬಂದರು. ಕಡತಗಳು ಏಕೆ ತಡವಾಗುತ್ತವೆಂದು ಕೇಳಿದರು. ಟಪಾಲು ರವಾನೆಯ ಮೇಜು ಮೂರನೆಯ ಮಹಡಿಯಲ್ಲಿ, ಸಹಿ ಹಾಕುವ ಅಧಿಕಾರಿ ನೆಲಮಹಡಿಯಲ್ಲಿ, ಲಿಫ್ಟು ಕೆಟ್ಟರೆ ಎರಡು ದಿನ ತಡ, ಎಂದೆ. ಅವರು ಬರೆದುಕೊಂಡರು. ಕೆಲವು ತಿಂಗಳ ಮೇಲೆ ಬಂದ ದಪ್ಪ ವರದಿಯಲ್ಲಿ ಬಣ್ಣದ ನಕ್ಷೆಯ ಸಮೇತ 'ಅಂತರ-ಮಹಡಿ ಕಡತ ಚಲನೆಯ ಅಡಚಣೆ' ಎಂಬ ಅಧ್ಯಾಯವಿತ್ತು. ನಾವು ಗುಮಾಸ್ತರು ಹೊಟ್ಟೆ ಹಿಡಿದು ನಕ್ಕೆವು. ಆದರೆ ಮರುವಾರವೇ ಮೇಜು ಕೆಳಗಿಳಿಯಿತು. ಎಂಟು ವರ್ಷ ನಾನು ಹೇಳಿದಾಗ ಮೇಲಿನವರಿಗೆ ಕೇಳಿಸದ ಮಾತು, ಅವರು ಹೇಳಿದಾಗ ಕೇಳಿಸಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಲ್ಲಿ ತಪ್ಪು ಗಿಡದ್ದೂ ಅಲ್ಲ, ಹೊರಗಿನಿಂದ ಬಂದ ವೈದ್ಯನದೂ ಅಲ್ಲ. ಆ ಮನೆಯವರದು.

ಆದುದರಿಂದ ಹೊರಗಿನವರನ್ನು ಕರೆಯಬೇಕೋ ಬೇಡವೋ ಎಂಬುದಕ್ಕಿಂತ, ಯಾವ ಕೆಲಸಕ್ಕೆ ಕರೆಯಬೇಕು ಎಂಬುದೇ ಮುಖ್ಯವೆಂದು ನನಗೆ ತೋರುತ್ತದೆ. ಕೇಂದ್ರ ಸರಕಾರದ 2017ರ ಹಣಕಾಸು ನಿಯಮಾವಳಿಯಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ಇಲಾಖೆಯೊಳಗೆ ಇಲ್ಲದ ಪರಿಣತಿ ಬೇಕಾದಾಗ, ಕೆಲಸವೇನು, ಅವಧಿಯೆಷ್ಟು ಎಂದು ಸ್ಪಷ್ಟವಾಗಿ ಗೊತ್ತುಮಾಡಿಕೊಂಡು ಹೊರಗಿನವರನ್ನು ನೇಮಿಸಬೇಕೆಂಬುದು ಅದರ ಸಾರ. ನಾವು ದಿನವೂ ಗೊಣಗುತ್ತ ಪಾಲಿಸುವ ಈ ನಿಯಮದ ಹಿಂದೆ ಎಷ್ಟು ವಿವೇಕವಿದೆಯೆಂದು ನ್ಯೂವಾರ್ಕಿನ ಕಥೆ ಓದಿದ ಮೇಲೆ ತಿಳಿಯಿತು. ಗಣಕಯಂತ್ರದ ವ್ಯವಸ್ಥೆ ಕೂಡಿಸಲು, ಕಟ್ಟಡದ ಬಿರುಕು ನೋಡಲು, ಲೆಕ್ಕ ತಪಾಸಣೆಗೆ ಹೊರಗಿನವರು ಬೇಕೇ ಬೇಕು. ಆದರೆ ಯಾವ ಶಾಲೆ ಮುಚ್ಚಬೇಕು, ಮಕ್ಕಳು ಎಲ್ಲಿಗೆ ಹೋಗಬೇಕು ಎಂಬುದು ತಾಂತ್ರಿಕ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಹೇಳಿದವನು ನಾಳೆ ಅದೇ ಬೀದಿಯಲ್ಲಿ ಆ ತಾಯಿಯ ಮುಖ ನೋಡಬೇಕು. ಸಲಹೆಗಾರನಿಗೆ ಆ ಬೀದಿ ಇಲ್ಲ. ಅವನ ಉತ್ತರದಾಯಿತ್ವ ಹಣ ಕೊಟ್ಟವನಿಗೆ. ಅವನು ಕಲಿತದ್ದೂ ಅವನ ಪೆಟ್ಟಿಗೆಯಲ್ಲಿಯೇ ಊರು ಬಿಡುತ್ತದೆ.

ಈಗ ನಮ್ಮ ಹದಿನೇಳು ಮಕ್ಕಳ ವಿಷಯಕ್ಕೆ ಬರೋಣ. ಈ ಮಹಾನಗರದಲ್ಲಿ ಪಾಲಿಕೆಯೇ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಅಲ್ಲಿಯ ಮೇಷ್ಟ್ರುಗಳಿಗೆ ಮಕ್ಕಳು ಏಕೆ ಕಡಿಮೆಯಾಗುತ್ತಾರೆಂಬುದರ ಬಗ್ಗೆ ಯಾವ ಕಂಪನಿಗಿಂತಲೂ ಹೆಚ್ಚು ಗೊತ್ತಿದೆ. ನಾವು ಅವರನ್ನು ರಾಜ್ಯೋತ್ಸವದ ದಿನ ಹಾರ ಹಾಕಲು ಕರೆಯುತ್ತೇವೆ, ಅಭಿಪ್ರಾಯ ಕೇಳಲು ಕರೆದಿಲ್ಲ. ತರಗತಿ ಬಿಟ್ಟ ಮಕ್ಕಳ ವಿಳಾಸಗಳು ಕಾರ್ಯದರ್ಶಿಗಳ ಹಾಜರಿ ಪುಸ್ತಕದಲ್ಲಿವೆ. ಅವರಲ್ಲಿ ಒಂದು ಮನೆ ನಮ್ಮ ಕಟ್ಟಡದಲ್ಲಿಯೇ, ಎರಡನೆಯ ಮಹಡಿಯಲ್ಲಿದೆ. ಪುಸ್ತಕ ಮುಗಿಸಿದ ಸಂಜೆ ಹೋಗಿ ಬಾಗಿಲು ತಟ್ಟಿದೆ. ಹುಡುಗನ ತಾಯಿ, "ಏನಿಲ್ಲ ಅಣ್ಣಾವ್ರೆ, ತರಗತಿ ಹತ್ತೂವರೆಗೆ ಇಟ್ಟಿದ್ದೀರಿ. ಅದೇ ಹೊತ್ತಿಗೆ ಅವನ ಗಣಿತದ ಟ್ಯೂಶನ್. ಸಂಜೆ ಇದ್ದಿದ್ದರೆ ಕಳಿಸುತ್ತಿದ್ದೆ. ಇಷ್ಟು ದಿನ ಯಾರೂ ಕೇಳಲೇ ಇಲ್ಲವಲ್ಲ" ಎಂದರು. ಚಹ ಕೊಟ್ಟರು.

ಎಲ್ಲ ಮನೆಗಳಲ್ಲಿಯೂ ಇದೇ ಉತ್ತರ ಬಂದೀತೆಂಬ ಭ್ರಮೆ ನನಗಿಲ್ಲ. ಕೆಲವರು "ಕನ್ನಡ ಕಲಿತು ಏನು ಮಾಡಬೇಕು?" ಎಂದೇ ಕೇಳಬಹುದು, ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೂ ಇನ್ನುಳಿದ ಮನೆಗಳ ಬಾಗಿಲು ತಟ್ಟುವವರೆಗೆ ಸಲಹೆಗಾರರ ಠರಾವನ್ನು ತಡೆಹಿಡಿಯಬೇಕೆಂದು ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ. ಠರಾವು ಮಂಡಿಸಿದ ಹಿರಿಯರು ದೊಡ್ಡ ಮನಸ್ಸಿನವರು, ಅವರೂ ನನ್ನೊಡನೆ ಬರುವುದಾದರೆ ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಶನ್ನಿನ ಪೂರ್ವದ ಕಡೆಯ ಪುಸ್ತಕದಂಗಡಿಯ ಮುಂದೆ ಕಾದಿರುತ್ತೇನೆ.